ಹುಲಿಗೆಮ್ಮನ ಒಂಬತ್ತನೇ ಹಾಳೆ

ಹುಲಿಗೆಮ್ಮ, ಒಂಬತ್ತನೇ ಹಾಳೆಯನ್ನು ನೀನು ಬರೆದಿದ್ದೆ. ಬರೆದೇ ಇಲ್ಲ ಎಂದು ನಿನ್ನ ಮುಖ ನೋಡಿ ಸುಳ್ಳು ಹೇಳಿದವಳು ನಾನು. ಎರಡು ವರ್ಷದಿಂದ ಅದು ನನ್ನ ಅಲಮಾರಿಯಲ್ಲಿ, ಸೀರೆಗಳ ಕೆಳಗೆ ಹಾಸಿದ ಪೇಪರಿನ ಅಡಿಯಲ್ಲಿದೆ.

ಸಿಂಧನೂರಿನಲ್ಲಿ ಇಂಥ ಮಕ್ಕಳಿಗೆಂದೇ ಇರುವ ತರಬೇತಿ ಕೇಂದ್ರದಲ್ಲಿ ನಾವು ಪ್ರತಿ ಗುರುವಾರ ಸೇರುತ್ತಿದ್ದೆವು. ನೀನು ಸಂತೆಕಲ್ಲೂರಿನಿಂದ ಮಸ್ಕಿಗೆ ಆಟೋ, ಅಲ್ಲಿಂದ ಬಸ್ಸು ಹಿಡಿದು ಮಗಳು ರೇಣುಕಾಳನ್ನು ಕರೆತರುತ್ತಿದ್ದೆ. ನಾನು ಎರಡು ಓಣಿ ಆಚೆಯಿಂದ ನನ್ನ ಮಗ ಚನ್ನುವನ್ನು. ಇಬ್ಬರಿಗೂ ಆಟಿಸಂ, ಇಬ್ಬರಿಗೂ ಆಗ ಆರು ವರ್ಷ, ಇಬ್ಬರಿಗೂ ಮಾತಿಲ್ಲ. ನಾವಿಬ್ಬರೂ ಸಮ ಎಂದುಕೊಂಡಿದ್ದೆ. ಎರಡು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ರೇಣುಕಾ ನಿನ್ನನ್ನು ‘ಅವ್ವ’ ಎಂದು ಕರೆದಳು. ಕೇಂದ್ರದಲ್ಲಿ ಎಲ್ಲರಿಗೂ ಪೇಡೆ ಹಂಚಿದವಳು ನಾನೇ. ಹಂಚುವಾಗ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಚನ್ನು ಇವತ್ತಿಗೂ ನನ್ನನ್ನು ಏನೂ ಕರೆದಿಲ್ಲ.

ಆಗಲೇ ಒಂದು ಸಂಸ್ಥೆಯಿಂದ ಆ ಮೇಡಂ ಬಂದದ್ದು. ಇಂಥ ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ದಾಗ ನಾವು ಪಡುವ ಪಾಡನ್ನು ತಾಯಂದಿರೇ ಕಾಮಿಕ್ಸಿನ ಹಾಗೆ ಚಿತ್ರ ಬರೆದು ಹೇಳಬೇಕು, ಅದನ್ನು ಪುಸ್ತಕ ಮಾಡಿ ಡಾಕ್ಟರು, ನರ್ಸುಗಳಿಗೆ ಕೊಡುತ್ತೇನೆ ಎಂದರು. ನಾನು ಹಿಗ್ಗಿದೆ. ಡ್ರಾಯಿಂಗ್ ಪರೀಕ್ಷೆ ಪಾಸಾದವಳು ಅಲ್ಲಿ ನಾನೊಬ್ಬಳೇ. ಹದಿನೈದು ದಿನ ಕೂತು ಬರೆದೆ — ಮೂಗು, ಕಿವಿ, ನರ್ಸಿನ ಸೀರೆಯ ನೆರಿಗೆ, ಒಂದನ್ನೂ ಬಿಡಲಿಲ್ಲ. ನೀನೋ, ಹಾಳೆ ತುಂಬ ಮೊದಲು ರಂಗೋಲಿಯ ಚುಕ್ಕಿ ಇಟ್ಟೆ. ನಿನ್ನ ಕೈಗೆ ಗೊತ್ತಿದ್ದದ್ದು ಅದೊಂದೇ. ಚುಕ್ಕಿಗೆ ಚುಕ್ಕಿ ಸೇರಿಸಿ ಮಂಚ, ಚುಕ್ಕಿಗೆ ಚುಕ್ಕಿ ಸೇರಿಸಿ ರೇಣುಕಾ. ಟ್ಯೂಬ್‌ಲೈಟಿನ ಗುಂಯ್ ಸದ್ದು ಅವಳ ತಲೆಗೆ ಸುತ್ತಿಕೊಂಡ ಬಳ್ಳಿ. ಮೇಡಂ ನನ್ನ ಹಾಳೆಗಳನ್ನು ಚೆನ್ನಾಗಿವೆ ಎಂದು ಪಕ್ಕಕ್ಕಿಟ್ಟರು. ನಿನ್ನವನ್ನು ನೋಡುತ್ತ ಕಣ್ಣೊರೆಸಿಕೊಂಡರು.

ಪುಸ್ತಕ ನಿನ್ನದೇ ಎಂದಾಯಿತು. ನಿನಗೆ ಅಕ್ಷರ ಬಾರದು. ಗೆರೆಗಳನ್ನು ಮಸಿಯಲ್ಲಿ ತಿದ್ದಿ, ಚಿತ್ರದವರ ಬಾಯಿಯ ಪಕ್ಕದ ಗುಳ್ಳೆಗಳಲ್ಲಿ ಅವರ ಮಾತು ತುಂಬಿ ಮೇಡಂಗೆ ಕಳಿಸುವ ಕೆಲಸ ನನಗೆ ಬಂತು. ಪರೀಕ್ಷೆ ಪಾಸಾದವಳು ನಿನ್ನ ಗುಮಾಸ್ತೆಯಾದೆ.

ನಾನು ಎಂಟು ಹಾಳೆ ತಿದ್ದಿ ಮುಗಿಸಿದೆ. ಒಂಬತ್ತನೆಯದು ರಕ್ತ ತೆಗೆಯುವ ಕೋಣೆ. ರೇಣುಕಾಳಿಗೆ ಏನು ಮಾಡುವುದಿದ್ದರೂ ಮೊದಲು ಅವ್ವನಿಗೆ ಮಾಡಿ ತೋರಿಸಬೇಕು — ರಬ್ಬರ್ ಪಟ್ಟಿ ಮೊದಲು ನಿನ್ನ ತೋಳಿಗೆ, ಸ್ಪಿರಿಟ್ಟಿನ ಹತ್ತಿ ಮೊದಲು ನಿನಗೆ. ಆಮೇಲೆ ಅವಳೇ ಕೈ ಚಾಚುತ್ತಾಳೆ. ತಿಂಗಳುಗಟ್ಟಲೆ ಮನೆಯಲ್ಲಿ ರಿಬ್ಬನ್ ಕಟ್ಟಿ ಕಟ್ಟಿ ನೀನು ಕಲಿಸಿದ್ದು ಅದು. ಕೊನೆಯ ಚೌಕದಲ್ಲಿ ಚಾಚಿದ ಪುಟ್ಟ ಕೈ, ಮೇಲೊಂದು ಖಾಲಿ ಗುಳ್ಳೆ. “ಅಲ್ಲಿ ಅವ್ವ ಅಂತ ಬರಿ ಅಕ್ಕಾ” ಎಂದು ನೀನು ಹೇಳಿದ್ದೆ.

ನನ್ನಿಂದ ಬರೆಯಲಾಗಲಿಲ್ಲ — ಇಲ್ಲ, ಅದೂ ನೆಪ. ನಾನು ಬರೆಯಲಿಲ್ಲ. ಎಂಟೇ ಹಾಳೆ ಕಳಿಸಿದೆ. ಅಷ್ಟೇ ಏನು ಎಂದು ಮೇಡಂ ಫೋನಿನಲ್ಲಿ ಕೇಳಿದಾಗ, ಅಷ್ಟೇ ಎಂದೆ.

ಪುಸ್ತಕಗಳು ಮೊದಲು ಆಸ್ಪತ್ರೆಗಳಿಗೆ ಹೋದವು. ನಿನ್ನ ಪ್ರತಿ ನಿನಗೆ ತಲುಪುವ ಮೊದಲೇ ರೇಣುಕಾಳಿಗೆ ಜ್ವರ ಏರಿ, ನೀನು ಅವಳನ್ನು ಲಿಂಗಸುಗೂರಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ನರ್ಸಿನ ಮೇಜಿನ ಮೇಲೆ ನಿನ್ನ ಚುಕ್ಕಿಗಳ ಪುಸ್ತಕ ಕಂಡಿತಂತೆ. ಆಕೆ ಅದನ್ನು ಓದಿದ್ದಳು, ಕೇಳದೆಯೇ ಟ್ಯೂಬ್‌ಲೈಟ್ ಆರಿಸಿದಳಂತೆ. ಇನ್ನೇನು ಭಯ ಎಂದು ನೀನು ಔಷಧಿ ತರಲು ಕೆಳಗಿಳಿದೆ. ನೀನು ಬರುವವರೆಗೂ ಅವರು ಕಾಯುತ್ತಾರೆ ಎಂದು ನಂಬಿದ್ದೆ. ಪುಸ್ತಕದಲ್ಲಿ ಬರೆದಿದ್ದೀಯಲ್ಲ — ಮೊದಲು ಅವ್ವನಿಗೆ ಎಂದು. ನೀನು ತಿರುಗಿ ಬರುವಷ್ಟರಲ್ಲಿ ರಕ್ತ ತೆಗೆಯಲು ನಾಲ್ಕು ಜನ ಅವಳನ್ನು ಅದುಮಿ ಹಿಡಿದಿದ್ದರು.

ಮುಂದಿನ ಗುರುವಾರ ಅವಳ ತೋಳಿನಲ್ಲಿ ಬೆರಳಿನ ಗುರುತು ನೀಲಿಗಟ್ಟಿತ್ತು. ನಿನಗೆ ಯಾರ ಮೇಲೂ ಸಿಟ್ಟಿರಲಿಲ್ಲ. “ಪುಸ್ತಕದಾಗ ಆ ಹಾಳೀನ ಇಲ್ಲ ಅಕ್ಕಾ. ನಾ ಬರದಿದ್ದಿಲ್ಲೇನು? ನೆನಪಾಗವಲ್ದು” ಎಂದೆ ನೀನು.

“ಇಲ್ಲ ಬೇ. ನೀ ಎಂಟ ಬರದಿದ್ದಿ. ಆ ಹಾಳಿ ಬರೀತೀನಂತ ಬಾಯಾಗ ಹೇಳಿದ್ದಿ ಅಷ್ಟ.”

“ಹಂಗಾರ ತಪ್ಪು ನಂದ” ಎಂದು ನೀನು ಕೆನ್ನೆ ಬಡಿದುಕೊಂಡು ಮಗಳ ಎರಡೂ ಕೈ ಹಿಡಿದುಕೊಂಡೆ.

ಆಮೇಲೆ ನಾಲ್ಕು ತಿಂಗಳು ರೇಣುಕಾ ಅವ್ವ ಎನ್ನಲಿಲ್ಲ. ನನಗೆ ಆಗ — ಇದನ್ನೂ ಬರೆದುಬಿಡುತ್ತೇನೆ — ಒಂದು ಗಳಿಗೆ ಹಗುರವಾಯಿತು. ಈಗ ಮತ್ತೆ ಸಮವಾದೆವು ಎನ್ನಿಸಿತು. ಮುಚ್ಚಿಟ್ಟ ಹಾಳೆಗಿಂತ, ಹೇಳಿದ ಸುಳ್ಳಿಗಿಂತ, ಆ ಗಳಿಗೆಗೇ ನನಗೆ ನನ್ನ ಮೇಲೆ ಹೇಸಿಗೆ. ಮಾತು ತಿರುಗಿ ಬಂತು. ಆದರೆ ಈಗ ರಬ್ಬರ್ ಪಟ್ಟಿಯನ್ನು ನಿನ್ನ ತೋಳಿಗೆ ಕಟ್ಟಿ ತೋರಿಸಿದರೂ ಅವಳು ಕೈ ಕೊಡುವುದಿಲ್ಲ, ಮಂಚದ ಕೆಳಗೆ ಸೇರುತ್ತಾಳೆ. ನೀನು ಕಲಿಸಿದ್ದು ಹೋಯಿತು. ಈಗ ಹಾಳೆ ತಂದುಕೊಟ್ಟರೂ ಅದು ತಿರುಗಿ ಬರುವುದಿಲ್ಲ.

ನಿನಗೆ ಓದಲು ಬರುವುದಿಲ್ಲ. ಅದಕ್ಕೇ ಇಷ್ಟನ್ನೆಲ್ಲ ಬರೆಯುವ ಧೈರ್ಯ ಬಂತೋ ಏನೋ — ಇಲ್ಲಿಯೂ ನನ್ನದು ಕಳ್ಳಬುದ್ಧಿಯೇ. ನಾಳೆ ಗುರುವಾರ. ಕೇಂದ್ರದಲ್ಲಿ, ಅವತ್ತು ನಾನು ಪೇಡೆ ಹಂಚಿದ ಅದೇ ತಾಯಂದಿರ ಮುಂದೆ, ಇದನ್ನು ನಾನೇ ನಿನಗೆ ಓದಿ ಹೇಳುತ್ತೇನೆ. ಹಾಳೆಯನ್ನೂ ತರುತ್ತೇನೆ. ಗುಳ್ಳೆ ಇನ್ನೂ ಖಾಲಿಯೇ ಇದೆ. ಅದರಲ್ಲಿ ಈಗ ಏನು ಬರೆಯಬೇಕೋ ನೀನು ಹೇಳು, ಹೇಳಿದ್ದನ್ನೇ ಬರೆಯುತ್ತೇನೆ.