ವಿಭೂತಿ ಚೀಲದ ಅಯಸ್ಕಾಂತ

ಮೊನ್ನೆ ನಮ್ಮ ಲ್ಯಾಬಿನ ಕಬ್ಬಿಣದ ಬೀರು ಖಾಲಿ ಮಾಡುವಾಗ ಹಳೆಯ ಕೀಬೋರ್ಡುಗಳ ಅಡಿಯಿಂದ ವಿಭೂತಿಯ ವಾಸನೆ ಬಂತು. ಕಂಪ್ಯೂಟರ್ ಬಿಟ್ಟರೆ ಬೇರೇನೂ ಇಲ್ಲದ ಕೋಣೆಗೆ ವಿಭೂತಿ ಎಲ್ಲಿಂದ ಬರಬೇಕು? ಕೈ ಹಾಕಿದೆ. ದಾರ ಎಳೆದು ಬಾಯಿ ಮುಚ್ಚುವ ಪುಟ್ಟ ಬಟ್ಟೆ ಚೀಲ. ಎಳೆದರೆ ಬರಲಿಲ್ಲ, ಬೀರುವಿಗೆ ಕಚ್ಚಿಕೊಂಡಿತ್ತು. ಒಳಗಿದ್ದದ್ದು ಕುದುರೆ ಲಾಳದ ಆಕಾರದ ಅಯಸ್ಕಾಂತ, ಕೆಂಪು ಬಣ್ಣ ಅರ್ಧ ಎದ್ದುಹೋಗಿತ್ತು. ನೋಡಿದ ತಕ್ಷಣ ನನಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷವಾಗಿತ್ತು, ಉರಿ ಮಾತ್ರ ಹಾಗೇ ಇತ್ತು.

ಅದು ಭದ್ರಾವತಿಯಿಂದ ಬಂದಿದ್ದ ವಿಜ್ಞಾನದ ಮೇಷ್ಟ್ರದು. ಅವರನ್ನು ಕಂಡರೆ ನನಗಾಗುತ್ತಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಕೊಂಡವರ ಬಗ್ಗೆ ಬರೆಯುವಾಗ ಎಲ್ಲರನ್ನೂ ದೇವರು ಮಾಡುವ ಅಭ್ಯಾಸ ನಮ್ಮಲ್ಲಿದೆ. ನನ್ನಿಂದ ಅದಾಗದು.

ಶಿವಮೊಗ್ಗದ ಈ ಕಾಲೇಜಿಗೆ ನಾನು ಸೇರಿ ಆಗಿನ್ನೂ ಆರು ತಿಂಗಳು. ಕೆಲಸ ಖಾಯಂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಸುತ್ತಮುತ್ತಲ ಹೈಸ್ಕೂಲು ಮಕ್ಕಳನ್ನು ಕರೆಸಿ ವಿಭಾಗಗಳನ್ನು ತೋರಿಸುವ ಪದ್ಧತಿಯಿತ್ತು. ಗಣಕ ರಸಾಯನಶಾಸ್ತ್ರದ ಪಾಲು ನನಗೆ ಬಂತು. ಮಕ್ಕಳಿಗೆ ಲ್ಯಾಬ್ ಎಂದರೆ ನೀಲಿ ದ್ರಾವಣ, ಹೊಗೆ, ಢಂ ಎನ್ನುವ ಸದ್ದು. ನಮ್ಮಲ್ಲಿ ಹತ್ತು ಕಂಪ್ಯೂಟರು, ಒಂದು ಎ.ಸಿ. ಗಾಜಿನ ನಳಿಗೆಯಲ್ಲಿ ಬೆರೆಸುವ ಬದಲು ಅಣುವನ್ನು ಪರದೆಯ ಮೇಲೆ ಕಟ್ಟುತ್ತೇವೆ, ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುತ್ತೇವೆ ಎಂದು ಮೂರು ದಿನ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡಿದ್ದೆ. ವಿಭಾಗದ ಮುಖ್ಯಸ್ಥರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿರುತ್ತಾರೆಂದೂ ಗೊತ್ತಿತ್ತು.

ಮೇಷ್ಟ್ರು ಭದ್ರಾವತಿಯ ಜನ್ನಾಪುರದ ಶಾಲೆಯಿಂದ ನಲವತ್ತು ಮಕ್ಕಳನ್ನು ಸಾಲಾಗಿ ಕರೆತಂದರು. ಹಣೆಗೆ ಮೂರು ಬೆರಳಿನ ವಿಭೂತಿ, ಕಂಕುಳಲ್ಲಿ ಛತ್ರಿ. ಬಾಗಿಲು ದಾಟುತ್ತಲೇ ಶುರು ಮಾಡಿದರು.

"ಏನ್ ಮೇಡಂ, ಮೂಸಿ ನೋಡೋಕೆ ಏನೂ ಇಲ್ವಾ ಇಲ್ಲಿ?"

ಮಕ್ಕಳು ಗೊಳ್ಳೆಂದರು. ನಾನೂ ಹಲ್ಲು ಬಿಟ್ಟೆ. ನೀರಿನ ಅಣು ತೋರಿಸಿದೆ, ಮಕ್ಕಳು ಮೌಸ್ ಹಿಡಿದು ತಿರುಗಿಸಿದರು. ಅಷ್ಟರಲ್ಲಿ ಹಿಂದಿನಿಂದ, "ಬಿಸಿಯಾಗುತ್ತಾ ಮೇಡಂ ಇದು? ಕುದಿಯುತ್ತಾ?" ಪ್ರತಿ ಐದು ನಿಮಿಷಕ್ಕೊಂದು. ನನ್ನ ಮಾತಿನ ದಾರ ಕಡಿಯುವುದಕ್ಕೇ ಬಸ್ಸು ಹತ್ತಿ ಬಂದಂತಿದ್ದರು. ನಗುನಗುತ್ತಲೇ ಕೇಳುತ್ತಿದ್ದರು, ಅದಂತೂ ಇನ್ನೂ ಹಿಂಸೆ.

ಕೊನೆಗೆ ಆಕ್ಸಿಜನ್. ಎರಡು ಕೆಂಪು ಗುಂಡುಗಳ ಅಣು. ಗುಂಡಿ ಒತ್ತಿದೆ, ಅರೆ ನಿಮಿಷದಲ್ಲಿ ಉತ್ತರ ಬಂತು. "ನೋಡಿ, ಇದರಲ್ಲಿ ಎಲೆಕ್ಟ್ರಾನ್‌ಗಳೆಲ್ಲ ಜೋಡಿ ಜೋಡಿಯಾಗಿವೆ" ಎಂದೆ.

"ಹಂಗಾದ್ರೆ ಆಕ್ಸಿಜನ್ನನ್ನ ಅಯಸ್ಕಾಂತ ಎಳೆಯೋದು ಹೆಂಗೆ ಮೇಡಂ?" ಚೀಲದಿಂದ ಈ ಲಾಳ ತೆಗೆದು ಎತ್ತಿ ಹಿಡಿದಿದ್ದರು. "ನಮ್ ತಂದೆ ಭದ್ರಾವತಿ ಉಕ್ಕಿನ ಕಾರ್ಖಾನೆಯ ಆಕ್ಸಿಜನ್ ಪ್ಲಾಂಟಲ್ಲಿದ್ರು. ಅಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಳೆಯೋ ಮೀಟರ್ ನಡೀತಿದ್ದಿದ್ದೇ ಅಯಸ್ಕಾಂತದ ಮೇಲೆ. ಅಯಸ್ಕಾಂತ ಎಳೀಬೇಕು ಅಂದ್ರೆ ಒಂಟಿ ಎಲೆಕ್ಟ್ರಾನ್ ಇರ್ಲೇಬೇಕಲ್ಲ?"

ಓದಿದ್ದೆ. ಬಿ.ಎಸ್ಸಿ.ಯಲ್ಲೇ ಓದಿದ್ದೆ. ಆದರೆ ನಲವತ್ತು ಮಕ್ಕಳು, ಹಿಂದೆ ಮುಖ್ಯಸ್ಥರು, ಪರದೆಯ ಮೇಲೆ ಎಂಟು ದಶಾಂಶದ ಉತ್ತರ... "ಅದೆಲ್ಲ ಹಳೇ ಕಾಲದ ಮೀಟರ್ ಸರ್. ಕಂಪ್ಯೂಟರ್ ಸುಳ್ಳು ಹೇಳಲ್ಲ" ಎಂದುಬಿಟ್ಟೆ. ಮಕ್ಕಳು ಅದನ್ನೇ ಬರೆದುಕೊಂಡರು. ಮೇಷ್ಟ್ರು ಲಾಳವನ್ನು ಚೀಲಕ್ಕೆ ಹಾಕಿ ನನ್ನ ಮೇಜಿನ ಮೇಲಿಟ್ಟರು. "ಇದು ಇಲ್ಲೇ ಇರ್ಲಿ ಮೇಡಂ, ಮುಂದಿನ ಸಲ ಬೇಕಾಗುತ್ತೆ" ಎಂದು ಹೇಳಿ ಹೊರಟರು.

ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ನೋಡಿದೆ. ಎಷ್ಟು ಎಲೆಕ್ಟ್ರಾನ್ ಒಂಟಿಯಾಗಿವೆ ಎಂದು ಲೆಕ್ಕಕ್ಕೆ ಮೊದಲು ನಾವೇ ತುಂಬಬೇಕಾದ ಒಂದು ಅಂಕಿಯಿದೆ. ನೀರಿಗೆ ತುಂಬಿದ್ದನ್ನು ನಾನು ಆಕ್ಸಿಜನ್ನಿಗೂ ಹಾಗೇ ಬಿಟ್ಟಿದ್ದೆ. ಎಲ್ಲ ಜೋಡಿ ಎಂದು ಹೇಳಿಕೊಟ್ಟವಳು ನಾನು, ಹಾಗೆಯೇ ಲೆಕ್ಕ ಹಾಕಿದ್ದು ಕಂಪ್ಯೂಟರು. ಸರಿಪಡಿಸಿ ಮತ್ತೆ ಓಡಿಸಿದೆ. ಎರಡು ಎಲೆಕ್ಟ್ರಾನ್ ಒಂಟಿಯಾಗಿ ನಿಂತವು. ಆಗ ಸಂಜೆ ಆರು ಗಂಟೆ.

ಆಮೇಲೆ ನಾನು ಮಾಡಿದ ಕೆಲಸವನ್ನೂ ಬರೆಯಬೇಕು. ಆ ಶಾಲೆಯ ಮಕ್ಕಳ ಜೊತೆ ಬಂದ ಶಿಕ್ಷಕರ ವರ್ತನೆ ಸರಿಯಿಲ್ಲ, ಮುಂದೆ ಈ ಶಾಲೆಯನ್ನು ಕರೆಯುವುದು ಬೇಡ ಎಂದು ಮುಖ್ಯಸ್ಥರಿಗೆ ಚೀಟಿ ಬರೆದೆ. ಅವರೂ ಏನೂ ಕೇಳದೆ ಸಹಿ ಹಾಕಿದರು.

ಮರುವರ್ಷ ಮೇಷ್ಟ್ರು ಒಬ್ಬರೇ ಬಂದರು. ಕಾರಿಡಾರಿನ ಬೆಂಚಿನ ಮೇಲೆ ಛತ್ರಿ ಊರಿಕೊಂಡು ಎರಡು ಗಂಟೆ ಕೂತಿದ್ದರು. ನಾನು ಬೇಕೆಂದೇ ಕಾಯಿಸಿದೆ.

"ನಂದು ಬಾಯಿ ಜಾಸ್ತಿ, ಒಪ್ಕೊಳ್ತೀನಿ. ನನ್ನನ್ನ ಬಿಟ್ಹಾಕಿ ಮೇಡಂ. ಮಕ್ಕಳನ್ನ ಕರೀರಿ. ನಾನು ಒಳಗೆ ಬರಲ್ಲ, ಗೇಟ್ ಹತ್ರಾನೇ ನಿಂತಿರ್ತೀನಿ."

ಅಯಸ್ಕಾಂತದ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ನೋಡೋಣ ಎಂದೆ. ನೋಡಲಿಲ್ಲ. ಹತ್ತು ವರ್ಷ ಆ ಶಾಲೆಯ ಮಕ್ಕಳು ನಮ್ಮ ಗೇಟು ದಾಟಲಿಲ್ಲ.

ಈಗ ಮುಖ್ಯಸ್ಥೆ ನಾನೇ. ಈ ವರ್ಷ ಆ ಶಾಲೆಯ ಹೊಸ ಟೀಚರಮ್ಮ ಪತ್ರ ಬರೆದರು, ಬನ್ನಿ ಎಂದೆ. ಬೀರು ಖಾಲಿ ಮಾಡಿದ್ದೂ ಅದಕ್ಕೇ. ನಿನ್ನೆ ಬಂದರು. ಆಕ್ಸಿಜನ್ನನ್ನು ಮೊದಲು ತಪ್ಪಾಗಿ ಓಡಿಸಿದೆ, ಆಮೇಲೆ ಸರಿಯಾಗಿ. ಎರಡನೆಯದರ ಶಕ್ತಿ ಕಡಿಮೆ, ಅಣು ಕಡಿಮೆ ಶಕ್ತಿಯ ಸ್ಥಿತಿಯಲ್ಲೇ ನೆಲೆಸುತ್ತದೆ, ಆದ್ದರಿಂದ ನಿಜವಾದ ಆಕ್ಸಿಜನ್ ಇದೇ ಎಂದು ವಿವರಿಸಿದೆ. ತಪ್ಪು ಕೇಳಿದರೂ ಕಂಪ್ಯೂಟರ್ ಉತ್ತರ ಕೊಟ್ಟೇ ಕೊಡುತ್ತದೆ, ಹಿಂದೆ ಯಾರೋ ಒಬ್ಬರು ಹೀಗೆ ಮೋಸಹೋಗಿದ್ದರು ಎಂದೆ. ಲಾಳವನ್ನು ಕೈಯಿಂದ ಕೈಗೆ ಕೊಟ್ಟೆ.

ಮಕ್ಕಳು ಬಸ್ಸು ಹತ್ತುವಾಗ ಟೀಚರಮ್ಮ ಹತ್ತಿರ ಬಂದರು. ಇಪ್ಪತ್ತೈದರ ಹುಡುಗಿ.

"ಅವತ್ತು ನಾನೂ ಬಂದಿದ್ದೆ ಮೇಡಂ. ಎರಡನೇ ಸಾಲಲ್ಲಿದ್ದೆ. ಆ ಚೀಲ ನೋಡಿದ ತಕ್ಷಣ ಗುರುತು ಸಿಕ್ತು. ಮೇಷ್ಟ್ರು ಹೋಗಿ ಎರಡು ವರ್ಷ ಆಯ್ತು."

ನಾನು ಲಾಳವನ್ನು ಚೀಲಕ್ಕೆ ಹಾಕಿ ದಾರ ಎಳೆದೆ.

"ವಾಪಸ್ ಹೋಗುವಾಗ ಬಸ್ಸಲ್ಲಿ ನಾವು ನಿಮ್ಮನ್ನ ಆಡ್ಕೊಂಡು ನಗ್ತಿದ್ವಿ, ತಪ್ಪು ಹೇಳಿದ್ರಿ ಅಂತ. ಗದರಿಬಿಟ್ರು. 'ಆ ಹುಡುಗಿ ಜಾಣೆ ಕಣ್ರೋ, ಸಂಜೆ ಒಳಗೆ ತಾನೇ ಹುಡುಕ್ತಾಳೆ, ಫೋನ್ ಮಾಡ್ತಾಳೆ ನೋಡ್ತಿರಿ' ಅಂದ್ರು. ಒಂದ್ ವಾರ ದಿನಾ ಕ್ಲಾಸಲ್ಲಿ ಕೇಳ್ತಿದ್ವಿ, ಫೋನ್ ಬಂತಾ ಸಾರ್ ಅಂತ..."

ಬಸ್ಸು ಭದ್ರಾವತಿ ಕಡೆ ಹೊರಟುಹೋಯಿತು. ಮೇಷ್ಟ್ರು ನನ್ನನ್ನು ಮೂರ್ಖಳೆಂದು ಬೈದಿದ್ದರೆ ನನ್ನ ಕೋಪವಾದರೂ ನನ್ನ ಜೊತೆಗಿರುತ್ತಿತ್ತು. ಅದನ್ನೂ ಕಿತ್ತುಕೊಂಡು ಹೋದರು ಮಹಾನುಭಾವರು.

ಹನ್ನೊಂದು ವರ್ಷದ ಹಿಂದೆ ಅವತ್ತು ಬಂದವರ ಹಾಜರಿ ಹಾಳೆ ಇಡೀ ಸಂಜೆ ನನ್ನ ಮೇಜಿನ ಮೇಲೇ ಇತ್ತು. ಅಯಸ್ಕಾಂತದ ಚೀಲವನ್ನು ಮೇಷ್ಟ್ರು ಅದರ ಮೇಲೇ ಇಟ್ಟಿದ್ದರು. ಮೊದಲ ಸಾಲಿನಲ್ಲೇ ಅವರ ಫೋನ್ ನಂಬರಿತ್ತು.