ಎರಡನೇ ಭಾಗದಲ್ಲಿ ಸಾಯುವ ಅಮ್ಮ

ಅಕ್ಕ ಹೆತ್ತದ್ದು ಒಂದೂ ಇಲ್ಲ, ಸಾಕಿದ್ದಕ್ಕೆ ಮಾತ್ರ ಲೆಕ್ಕವಿಲ್ಲ. ಪರಭಾಷೆಯ ಸಿನಿಮಾಗಳು ನಮ್ಮ ಭಾಷೆಗೆ ಬರುವಾಗ ಅವುಗಳಲ್ಲಿನ ತಾಯಂದಿರಿಗೆಲ್ಲ ದನಿ ಕೊಡುತ್ತಿದ್ದವರು ಅವರೇ. ಕಳ್ಳನ ತಾಯಿ, ರಾಜನ ತಾಯಿ, ಒಮ್ಮೆ ಕರಡಿಮರಿಯ ತಾಯಿ. ತೆರೆಯ ಮೇಲೆ ಅಷ್ಟು ಜನಕ್ಕೆ ಅಮ್ಮನಾದವರನ್ನು ಸ್ಟುಡಿಯೋದಲ್ಲಿ ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಮದುವೆಯಾಗಿರಲಿಲ್ಲ. ಒಡಹುಟ್ಟಿದ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಆಕೆ ತೀರಿಕೊಂಡ ಮೇಲೆ ಒಬ್ಬರೇ ಉಳಿದರು. "ಊಟ ಆಯ್ತಾ ಅಂತ ಕೇಳೋರು ಹೋದ್ಮೇಲೆ ಹಸಿವೂ ಸೋಮಾರಿ ಆಗಿಬಿಡುತ್ತೆ ಕಣೋ" ಎಂದು ಒಮ್ಮೆ ನನ್ನೊಡನೆ ಅಂದಿದ್ದರು. ಅಂದವರೇ ಮಾತು ತೇಲಿಸಿಬಿಟ್ಟರು.

ನಾನು ಆ ಸಿನಿಮಾಗಳಿಗೆ ಮಾತು ಬರೆಯುವವನು. ಬರೆಯುವುದು ಎಂದರೆ ದೊಡ್ಡ ಮಾತಾಯಿತು. ತೆರೆಯ ಮೇಲಿನವರ ತುಟಿ ಆಡುವಷ್ಟು ಹೊತ್ತು ನಮ್ಮ ಮಾತು ಆಡಬೇಕು, ಅವರು ಬಾಯಿ ಮುಚ್ಚಿದಾಗ ನಾವೂ ಮುಚ್ಚಬೇಕು. ಇನ್ನೊಬ್ಬರ ಅಂಗಿಗೆ ಗುಂಡಿ ಹೊಲಿಯುವ ಕೆಲಸ. ಮುಖವಾಡ ಹಾಕಿದ ನಾಯಕ ಸಿಕ್ಕರೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ. ತುಟಿಯೇ ಕಾಣದ ಮೇಲೆ ಏನು ಬೇಕಾದರೂ ಬರೆಯಬಹುದು.

ಅಂಥವನೊಬ್ಬ ಬಂದ. ಊರಿನ ಯಾವ ಮೂಲೆಯಲ್ಲಿ ಯಾರು ಅತ್ತರೂ ಅವನಿಗೆ ಕೇಳುತ್ತದೆ, ಕೇಳಿದ ಕಡೆಗೆ ಹಾರುತ್ತಾನೆ. ನಾನು ಅವನಿಗೆ 'ದೂರಶ್ರವ' ಎಂದು ಹೆಸರಿಟ್ಟು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಿನಿಮಾ ಬಿಡುಗಡೆಯಾದ ವಾರದೊಳಗೆ ಮಕ್ಕಳು ಅದನ್ನು ಗಾಳಿಗೆ ತೂರಿ 'ಕಿವಿಯಣ್ಣ' ಎಂದರು, ಆ ಹೆಸರೇ ನಿಂತಿತು. ಅವನಿಗೊಬ್ಬ ತಾಯಿ. ಜಗತ್ತಿನ ಕೂಗೆಲ್ಲ ಕೇಳುವ ಮಗನಿಗೆ ತಾನು ಊಟಕ್ಕೆ ಕರೆದದ್ದು ಮಾತ್ರ ಕೇಳುವುದಿಲ್ಲವೆಂದು ಬೈಯುವವಳು. ಆ ತಾಯಿ ನಮ್ಮ ಅಕ್ಕ.

ತೆರೆಯ ಮೇಲೆ ತಾಯಿ ಮಗ ಎದುರುಬದುರು ಕೂತು ಮಾತಾಡುತ್ತಾರೆ, ದನಿ ಕೊಡುವವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಕಿವಿಯಣ್ಣನಿಗೆ ದನಿ ಕೊಟ್ಟವನು ಬೇರೆ ಊರಿನವನು. ಅವನು ಅಲ್ಲಿನ ಸ್ಟುಡಿಯೋದಲ್ಲಿ ಒಂದು ರೀಲಿನಷ್ಟು ಮಾತಾಡಿ ಕಳಿಸುತ್ತಿದ್ದ. ಅಕ್ಕ ಇಲ್ಲಿ ಹೆಡ್‌ಫೋನಿನಲ್ಲಿ ಅವನನ್ನು ಕೇಳುತ್ತ ತಮ್ಮ ಮಾತು ಸೇರಿಸುತ್ತಿದ್ದರು. ಅದು ಅವನಿಗೆ ವಾಪಸು ಹೋಗುತ್ತಿತ್ತು, ಅದರ ಬೆನ್ನಿಗೆ ಅವನು ಮುಂದಿನ ರೀಲು ಮಾತಾಡುತ್ತಿದ್ದ. ಮಾತು ಮಾತಿನ ನಡುವಿನ ಸಂದಿನಲ್ಲಿ ಕೆಮ್ಮು, ಕುರ್ಚಿ ಕಿರುಗುಟ್ಟುವ ಸದ್ದು, ನಿಟ್ಟುಸಿರು ಎಲ್ಲ ಉಳಿದಿರುತ್ತದೆ. ಎಲ್ಲ ಮುಗಿದ ಮೇಲೆ ನಮ್ಮ ಸೌಂಡಿನವನು ಸಂದುಗಳನ್ನೆಲ್ಲ ಕತ್ತರಿಸಿ ಬಿಸಾಡುತ್ತಿದ್ದ.

ಮೊದಲ ಭಾಗದ ಎರಡನೇ ರೀಲಿನಲ್ಲಿ, ಕಿವಿಯಣ್ಣನ ಮಾತು ಮುಗಿದ ಮೇಲೆ, ಅದೇ ದನಿ ಮೆತ್ತಗೆ ಹೇಳಿತು: "ಅಮ್ಮಾವ್ರೇ, ಮುಂದಿನ ನಿಮ್ಮ ಮಾತು ಉದ್ದ ಇದೆ. ಒಂದ್ಸಲ ಚೆನ್ನಾಗಿ ಉಸಿರು ತಗೊಳ್ಳಿ."

ಅಕ್ಕ ಬೆಚ್ಚಿ ಗಾಜಿನಾಚೆ ಕೂತಿದ್ದ ನಮ್ಮ ಕಡೆ ನೋಡಿದರು. ಆಮೇಲೆ ನಕ್ಕರು. ತಮ್ಮ ಮಾತು ಹೇಳಿ ಮುಗಿಸಿ, ಮೈಕಿಗೆ ಬಾಯಿ ಹತ್ತಿರ ತಂದು, "ತಗೊಂಡೆ ಕಣಪ್ಪಾ. ನಿಂಗೇನದು ಆ ಕೆಮ್ಮು? ಬಿಸಿನೀರು ಕುಡಿ" ಎಂದರು.

ಅಲ್ಲಿಂದ ಶುರುವಾಯಿತು. ತಾನಿರುವ ಬಾಡಿಗೆ ಕೋಣೆಯ ನಲ್ಲಿ ಸದಾ ತೊಟ್ಟಿಕ್ಕುತ್ತದೆ ಎಂದು ಅವನು ಹೇಳಿದರೆ, ಅದಕ್ಕೊಂದು ಬಟ್ಟೆ ಸುತ್ತು ಎಂದು ಇವರು. ತೀರಿಕೊಂಡ ತಮ್ಮಕ್ಕನ ಸೀರೆಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ, ಬೀರು ತೆರೆಯುವುದಕ್ಕೇ ಭಯ ಎಂದು ಇವರು ಹೇಳಿದರೆ, ಅವಸರ ಏನಿದೆ, ಇರಲಿ ಬಿಡಿ ಎಂದು ಅವನು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ ನಮಗೆ ಆ ಸೀರೆಯ ವಿಷಯ ಗೊತ್ತಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ. ಕೊನೆಯ ರೀಲಿನ ಹೊತ್ತಿಗೆ 'ಅಮ್ಮಾವ್ರೇ' ಹೋಗಿ 'ಅಮ್ಮಾ' ಆಗಿತ್ತು, 'ಕಣಪ್ಪಾ' ಹೋಗಿ 'ಮಗಾ' ಆಗಿತ್ತು. ಸೌಂಡಿನವನು ಕತ್ತರಿ ಹಾಕುವಾಗ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದ.

ಮೊದಲ ಭಾಗ ಎಲ್ಲ ಕಡೆ ಚೆನ್ನಾಗಿ ಓಡಿತು. ಎರಡನೇ ಭಾಗ ಬರುತ್ತದೆ ಎಂದಾಗ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅಕ್ಕ. ದಿನಾ ಕೇಳುತ್ತಿದ್ದರು, ಬಂತಾ, ಬಂತಾ ಎಂದು. ಬಂತು. ನಾನು ಓದಿದೆ. ಊರಿನ ಸದ್ದನ್ನೆಲ್ಲ ಕದಿಯುವ ಖಳನೊಬ್ಬ. ಅವನ ಕಾಟದಲ್ಲಿ ಕಿವಿಯಣ್ಣ ಊರವರನ್ನೆಲ್ಲ ಉಳಿಸಿ ಮನೆಗೆ ಬರುವಷ್ಟರಲ್ಲಿ ತಾಯಿಯ ಉಸಿರು ನಿಲ್ಲುತ್ತಿರುತ್ತದೆ. ಆ ದುಃಖಕ್ಕೆ ಅವನ ಕಿವಿಯೇ ಮುಚ್ಚಿಹೋಗುತ್ತದೆ. ಕೊನೆಯಲ್ಲಿ ಕುಸಿದ ಸೇತುವೆಯ ಅಡಿ ಬಿದ್ದಾಗ, ಸತ್ತ ತಾಯಿಯ ದನಿ ಕೇಳಿ ಎದ್ದು ನಿಲ್ಲುತ್ತಾನೆ. ಆ ಸೇತುವೆಯನ್ನು ಒಂದು ದೊಡ್ಡ ಶೆಡ್ಡಿನಲ್ಲಿ ಕಟ್ಟಿ, ಕೆಡವಿ, ಮನಸ್ಸಿಗೆ ಬರಲಿಲ್ಲವೆಂದು ಮತ್ತೆ ಕಟ್ಟಿ ಕೆಡವಿದ್ದರಂತೆ. ತಾಯಿಯನ್ನು ಮಾತ್ರ ಒಂದೇ ಏಟಿಗೆ ಮುಗಿಸಿದ್ದರು.

"ಅಕ್ಕಾ, ಈ ಸಲ ಅಮ್ಮ ಹೋಗ್ತಾಳೆ" ಎಂದೆ.

"ಸಾಯೋದು ನಂಗೇನು ಹೊಸದಾ? ಕರಡಿಯಾಗಿಯೂ ಸತ್ತಿದೀನಿ" ಎಂದರು. ಆಮೇಲೆ, "ಅವನ ಫೈಲು ಬಂದಿದ್ಯಾ?" ಎಂದು ಕೇಳಿದರು.

"ಈ ಸಲ ನಿಮ್ದೇ ಮೊದಲು. ಎಲ್ಲಾ ಒಂದೇ ದಿನ ತಗೊಳ್ತೀವಿ. ನಿಮ್ಮ ದನಿ ಕೇಳ್ಕೊಂಡು ಅವನು ಮಾತಾಡ್ತಾನೆ."

ಅಕ್ಕ ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡರು. ಅದರಲ್ಲಿ ಅಂದು ಯಾರ ದನಿಯೂ ಇರಲಿಲ್ಲ.

ಸಾವಿನ ದೃಶ್ಯವನ್ನು ಒಂದೇ ಟೇಕಿನಲ್ಲಿ ಕೊಟ್ಟರು. ಸೇತುವೆಯ ದೃಶ್ಯಕ್ಕೆ ಬಂದಾಗ ಜಗಳ ತೆಗೆದರು. ಅಲ್ಲಿ ತಾಯಿಯ ಮುಖ ಕಾಣುವುದಿಲ್ಲ, ಬರೀ ದನಿ. ಹೀಗಾಗಿ ನಾನು ಕೈ ಬಿಚ್ಚಿ ಬರೆದಿದ್ದೆ: 'ಏಳು ಮಗನೇ, ಮೇಲೇಳು. ನೊಂದ ಲೋಕದ ಕಿವಿ ನೀನು. ಕತ್ತಲೆಯ ಕೋಟೆಯನ್ನು ಒಡೆದು ಬಾ.'

"ಯಾವ ತಾಯಿ ಹೀಗೆ ಮಾತಾಡ್ತಾಳೋ? ಸತ್ತ ಮೇಲೆ ಭಾಷಣ ಮಾಡೋಕೆ ಬಂದಿದಾಳಾ ಅವಳು?"

"ಬರೆದಿದ್ದು ಹೇಳಿ ಅಕ್ಕಾ" ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಸಾಲು ನನಗೆ ಮುದ್ದು.

ಹೇಳಿದರು, ಚೆನ್ನಾಗಿಯೇ ಹೇಳಿದರು. ಆದರೆ ಹೆಡ್‌ಫೋನ್ ತೆಗೆಯಲಿಲ್ಲ. ನಿಲ್ಲಿಸಬೇಡ ಎಂದು ಸೌಂಡಿನವನಿಗೆ ಕೈ ತೋರಿಸಿದರು. ಮನೆಯ ಒಳಕೋಣೆಯಲ್ಲಿ ಮಲಗಿರುವವರನ್ನು ಕರೆಯುವಂತೆ ಮಾತಾಡಿದರು.

"ಮಗಾ, ಎದ್ದಿದ್ಯಾ? ಕೆಮ್ಮು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ಮೇಲೆ ನಾನು ಕೇಳ್ತಾ ಇರೋಕಾಗಲ್ಲ."

ಹೊರಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತ ಇದ್ದಕ್ಕಿದ್ದಂತೆ ನನ್ನನ್ನು ನೋಡಿದರು. "ಅವನು ಉತ್ತರ ಕೊಟ್ರೆ ನಂಗೆ ಯಾರೋ ಕೇಳಿಸ್ತಾರೆ?"

ಅವನ ಮಾತು ಈ ಸಲ ನಮ್ಮಲ್ಲಿಗೆ ಬರುವುದಿಲ್ಲ, ನೇರವಾಗಿ ಕಂಪನಿಯ ದೊಡ್ಡ ಸ್ಟುಡಿಯೋಗೆ ಹೋಗುತ್ತದೆ. ಮಾತುಗಳನ್ನು ಜೋಡಿಸುವುದೂ ಅಲ್ಲೇ, ಸಂದುಗಳನ್ನು ಕತ್ತರಿಸುವುದೂ ಅಲ್ಲೇ.

ಆಮೇಲೆ ಅಕ್ಕ ಕೆಲಸವಿಲ್ಲದಿದ್ದರೂ ಬರತೊಡಗಿದರು. ಕನ್ನಡಕದ ಡಬ್ಬಿ ಮರೆತೆ ಎಂದು ಒಂದು ದಿನ, ಈ ಕಡೆ ಬಂದಿದ್ದೆ ಎಂದು ಇನ್ನೊಂದು ದಿನ. ಬಾಗಿಲ ಹತ್ತಿರದ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುವರು. ಏನಾದರೂ ಬಂತಾ ಎಂದು ಸೌಂಡಿನವನನ್ನು ಕೇಳುವರು. ಅವನು ಇಲ್ಲ ಅಕ್ಕ ಎಂದರೆ, "ಬಿಡು, ಸುಮ್ನೆ ಕೇಳಿದೆ" ಎನ್ನುವರು. ನೋಡಿ ನೋಡಿ, ಕೊನೆಗೊಂದು ದಿನ ಅವನ ಫೋನ್ ನಂಬರ್ ಹುಡುಕಿ ಕೊಡುತ್ತೇನೆ ಎಂದೆ.

"ಬೇಡ" ಎಂದರು. "ಆ ಸಂದಿನಲ್ಲಿ ಅವನು ನನ್ನ ಮಗ. ಫೋನ್ ಮಾಡಿದ್ರೆ ಯಾರು ಅಂತ ಕೇಳ್ತಾನೆ. ಯಾರು ಅಂತ ಹೇಳ್ಲಿ?"

ಸಿನಿಮಾ ಬಿಡುಗಡೆಯಾದ ಮರುದಿನ ಮಧ್ಯಾಹ್ನದ ಆಟಕ್ಕೆ ಅವರನ್ನು ಕರೆದುಕೊಂಡು ಹೋದೆ. ಹೊರಡುವಾಗ ಊಟದ ಮಾತು ನನಗೆ ಹೊಳೆಯಲಿಲ್ಲ, ಅವರೂ ಎತ್ತಲಿಲ್ಲ. ತಾಯಿ ಸಾಯುವಾಗ ಮುಂದಿನ ಸಾಲಿನ ಪುಟ್ಟ ಹುಡುಗಿಯೊಂದು ಬಿಕ್ಕಿ ಬಿಕ್ಕಿ ಅತ್ತಿತು. ಅಕ್ಕ ಬಗ್ಗಿ, "ಅಳ್ಬೇಡ ಪುಟ್ಟಿ, ನಂಗೇನೂ ಆಗಿಲ್ಲ" ಎಂದರು. ಈಗಷ್ಟೇ ಸತ್ತವಳ ದನಿ ಬೆನ್ನ ಹಿಂದಿನಿಂದ ಬಂದದ್ದು ಕೇಳಿ ಮಗು ಅಳುವುದನ್ನೇ ಮರೆತು, ಬಾಯಿ ತೆರೆದುಕೊಂಡು ಇವರನ್ನೇ ನೋಡುತ್ತ ಕೂತಿತು. ಆ ದಿನ ನಾವು ನಕ್ಕದ್ದು ಅದೊಂದೇ ಸಲ.

ಸೇತುವೆ ಕುಸಿಯಿತು. ಕಿವಿಯಣ್ಣ ಕಲ್ಲಿನ ರಾಶಿಯ ಕೆಳಗೆ, ಮುಖವಾಡದ ತುಂಬ ಧೂಳು. ಎಲ್ಲ ಸದ್ದು ನಿಂತಿತು. ನಾನು ಎದೆ ಉಬ್ಬಿಸಿ ನನ್ನ ಸಾಲಿಗೆ ಕಾದೆ.

"ಮಗಾ, ಎದ್ದಿದ್ಯಾ? ಕೆಮ್ಮು ಹೇಗಿದೆ?" ಎಂದಿತು ತೆರೆ. "ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ಮೇಲೆ ನಾನು ಕೇಳ್ತಾ ಇರೋಕಾಗಲ್ಲ."

ನನಗೆ ಮೈ ಉರಿಯಿತು. ಯಾರೋ ಅಜಾಗರೂಕತೆಯಿಂದ ಸಂದಿನ ಮಾತು ಉಳಿಸಿ ನನ್ನ ಸಾಲು ಕತ್ತರಿಸಿದ್ದಾರೆ ಎಂದುಕೊಂಡೆ. ಆಮೇಲೆ ವಿಚಾರಿಸಿದಾಗ ತಿಳಿಯಿತು, ಹಾಗಲ್ಲ. ಮಗನ ದನಿಯವನೇ ಹಠ ಹಿಡಿದಿದ್ದನಂತೆ. ಆ ಭಾಷಣಕ್ಕೆ ನಾನು ಏಳುವುದಿಲ್ಲ, ಈ ಮಾತಿಗಾದರೆ ಏಳುತ್ತೇನೆ ಎಂದು ಕೂತುಬಿಟ್ಟನಂತೆ. ಅವನು ಹೇಳಿದ್ದು ಸರಿಯೇ. ಸಿನಿಮಾ ಮಂದಿರದಲ್ಲಿ ಒಬ್ಬರೂ ಮಿಸುಕಲಿಲ್ಲ.

ಅಕ್ಕನ ಕೈ ನನ್ನ ತೋಳನ್ನು ಹಿಡಿದುಕೊಂಡಿತ್ತು. ತೆರೆಯ ಮೇಲೆ, ಮೂಲ ಸಿನಿಮಾದಲ್ಲಿ ಬರೀ ನರಳಾಟ ಇದ್ದ ಕಡೆ, ಮುಖವಾಡದೊಳಗಿಂದ ಒಂದು ಸಣ್ಣ ಕೆಮ್ಮು ಬಂತು. ಆಮೇಲೆ ಮಾತು.

"ಕೆಮ್ಮು ಕಮ್ಮಿ ಆಗಿದೆ ಅಮ್ಮಾ. ಊಟಾನೂ ಆಯ್ತು. ನಿಂದಾಯ್ತಾ?"

ಅಷ್ಟು ಹೇಳಿ ಅವನು ಬೆನ್ನಿನಿಂದ ಸೇತುವೆ ಎತ್ತತೊಡಗಿದ. ಮಕ್ಕಳು ಸೀಟಿನ ಮೇಲೆ ಹತ್ತಿ ಕೂಗಿದರು. ಆ ಗದ್ದಲದಲ್ಲಿ ಅಕ್ಕನ ತುಟಿ ಅಲ್ಲಾಡಿದ್ದು ಕಂಡಿತು. ಏನು ಹೇಳುತ್ತಿದ್ದಾರೆಂದು ಕಿವಿ ಹತ್ತಿರ ತಂದೆ.

"ಇನ್ನೂ ಇಲ್ಲ ಮಗಾ" ಎನ್ನುತ್ತಿದ್ದರು.

ಅಷ್ಟು ಹೊತ್ತಿಗೆ ಅವನು ಹಾರಿಹೋಗಿದ್ದ.