ಶಾಂತಾಳ ಡಬ್ಬಿ

ಬೆಳಿಗ್ಗೆ ಹಾಲು ಕಾಸಿದೆ, ರೊಟ್ಟಿ ಬಡಿದೆ, ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತಿರುವಿದೆ, ಬುಟ್ಟಿಯಲ್ಲಿ ಕೊಳೆತ ಉಳ್ಳಾಗಡ್ಡಿ ಆರಿಸಿ ತೆಗೆದೆ. ಆಮೇಲೆ ಅಟ್ಟದ ಮೇಲಿನಿಂದ ನಿನ್ನ ಸ್ಟೀಲಿನ ಡಬ್ಬಿ ಇಳಿಸಿ ತಿಕ್ಕಿ ತೊಳೆದೆ. ಶಾಂತಾ, ನೀನು ಮಾಡಿದ ಹಲಸಿನ ಕುಂದಾವನ್ನು ಕಾರ್ಖಾನೆಯ ಸಾಹುಕಾರರು ತಿನ್ನಲೇ ಇಲ್ಲ. ನಾನು ತಿಂದೆ.

ಬೆಳಗಾವಿಯ ನಮ್ಮ ಮಿಠಾಯಿ ಕಾರ್ಖಾನೆಯಲ್ಲಿ ಅಡುಗೆಮನೆಯ ಉಸ್ತುವಾರಿ ನನ್ನದು. ನೀನು ಖಾನಾಪುರದಿಂದ ದಿನಾ ಬಂದು ದೊಡ್ಡ ಕಡಾಯಿಯ ಮುಂದೆ ನಿಲ್ಲುತ್ತಿದ್ದೆ. ಗೋಡೆಗೆ ಅಂಟಿಸಿದ ಅಳತೆ ಬಿಟ್ಟು ಒಲೆಗೆ ಏನೂ ಏರಕೂಡದು — ಅದು ನಿಯಮ. ಹೊಸದೇನಾದರೂ ಇದ್ದರೆ ಮೊದಲು ನಾನು ಸಾಹುಕಾರರನ್ನು ಕೇಳಬೇಕು, ಅವರು ಹೂಂ ಅಂದ ಮೇಲೆಯೇ ಒಲೆ.

"ಮಾಡದ ರುಚಿ ಹೆಂಗ ತೋರ್ಸೂದ್ರಿ ಅಕ್ಕಾ, ಬಾಯಿಲೆ ಹೇಳೂದನು?" ಎಂದು ನೀನು ನಕ್ಕಿದ್ದೆ.

ಊಟದ ಬಿಡುವಿನಲ್ಲಿ ನೀನು ಮೂಲೆಯ ಸಣ್ಣ ಒಲೆ ಹಚ್ಚುತ್ತಿದ್ದೆ. ಒಮ್ಮೆ ಶುಂಠಿ, ಒಮ್ಮೆ ಕಣಕುಂಬಿ ಕಡೆಯ ಜೇನು… ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ಖರೇ ಹೇಳಬೇಕೆಂದರೆ, ಆ ವಾಸನೆಗೆ ಕಾಯುತ್ತಿದ್ದೆ.

ಒಂದು ದಿನ ನೀನು ಹಲಸಿನ ಕುಂದಾದ ಈ ಡಬ್ಬಿ ನನ್ನ ಕೈಗಿಟ್ಟೆ. "ಸಾವ್ಕಾರ್ರಿಗೆ ತಿನ್ನಸ್ರಿ. ಒಂದ ಚಮಚಾ ಸಾಕು, ಎರಡನೇದು ತಾವ ಕೇಳ್ತಾರ."

ಅವರ ಕೋಣೆಯ ಬಾಗಿಲವರೆಗೆ ಹೋದೆ. ಎಲ್ಲಿ ಮಾಡಿದಿರಿ, ಯಾರನ್ನು ಕೇಳಿ ಮಾಡಿದಿರಿ ಎಂದು ಅವರು ಕೇಳಿದರೆ — ನನ್ನ ಕಣ್ಣೆದುರೇ ನಿಯಮ ಮುರಿದಿತ್ತಲ್ಲ. ತಿರುಗಿ ಬಂದೆ. ಡಬ್ಬಿ ಮಹಾಂತೇಶ ನಗರದ ನಮ್ಮ ಮನೆಗೆ ಬಂತು. ನಾನೂ ನಮ್ಮ ಮನೆಯವರೂ ಬಳಿದು ತಿಂದೆವು. "ಯಾರ ಕೈದಲೇ ಇದು? ನಾಳಿ ಮತ್ತ ತಾ," ಎಂದರು ಅವರು.

ಮರುದಿನ ನಿನಗೆ ಹೇಳಿದೆ: "ಸಾವ್ಕಾರ್ರು ತಿಂದು ಬ್ಯಾಡ ಅಂದ್ರವಾ. ಗ್ವಾಡಿ ಮ್ಯಾಲ ಇದ್ದಷ್ಟ ಮಾಡು."

"ಮುಖಾ ಹೆಂಗ ಮಾಡಿದ್ರು?"

ನಾನು ಮುಖ ಕಿವುಚಿ ತೋರಿಸಿದೆ. ಅದನ್ನೂ ತೋರಿಸಿದೆ, ಶಾಂತಾ.

"ನನ್ನ ಕೈನ ಸುಮಾರ ಇರಬೇಕು ಬಿಡ್ರಿ," ಎಂದೆ ನೀನು. ಆ ಸಣ್ಣ ಒಲೆಯನ್ನು ಮತ್ತೆ ಹಚ್ಚಲಿಲ್ಲ. ಡಬ್ಬಿಯನ್ನೂ ಕೇಳಲಿಲ್ಲ. ನಾನೂ ಕೊಡಲಿಲ್ಲ — ಕೊಟ್ಟವರ ಡಬ್ಬಿಯನ್ನು ಬರಿದೇ ತಿರುಗಿ ಕೊಡಬಾರದಲ್ಲ, ಏನು ತುಂಬಿ ಕೊಡಲಿ? ಆಮೇಲೆ ನೀನು ಕೆಲಸವನ್ನೇ ಬಿಟ್ಟೆ. ಈಗ ಊರಿನ ಸಾಲೆಯಲ್ಲಿ ಬಿಸಿಯೂಟ ಬೇಯಿಸುತ್ತೀಯಂತೆ.

ನಮ್ಮ ಕುಂದಾ ಇವತ್ತಿಗೂ ಅದೇ ಬಣ್ಣ, ಅದೇ ಸಿಹಿ. ಊಟದ ಗಂಟೆ ಹೊಡೆದರೆ ನನ್ನ ಕಣ್ಣು ಆ ಮೂಲೆಗೆ ಹೋಗುತ್ತದೆ. ಒಲೆಯ ಮೇಲೆ ಈಗ ಖಾಲಿ ಪೆಟ್ಟಿಗೆಗಳು. ಕೆಲಸದ ಹುಡುಗಿಯರು ಗೋಡೆಯ ಅಳತೆ ನೋಡುತ್ತಾರೆ, ಕೈಯಾಡಿಸುತ್ತಾರೆ. "ಅಕ್ಕಾ, ಇದರಾಗ ಒಂದೀಟು —" ಎಂದು ಒಬ್ಬಳಾದರೂ… ಇಲ್ಲ, ಯಾರೂ ಅನ್ನುವುದಿಲ್ಲ.

ಇವತ್ತು ಮಧ್ಯಾಹ್ನ ಸಾಹುಕಾರರಿಗೆ ಎಲ್ಲ ಹೇಳಿದೆ. "ಹೆಂಗಿತ್ರಿ ಅದು?" ಎಂದಷ್ಟೇ ಕೇಳಿದರು. ಆ ರುಚಿಯನ್ನು ಬಾಯಿಲೆ ಹೇಳಲು ಆಗಲಿಲ್ಲ, ಶಾಂತಾ.

ಭಾನುವಾರ ಖಾನಾಪುರಕ್ಕೆ ಬರುತ್ತೇನೆ. ಡಬ್ಬಿಯನ್ನು ಬರಿದೇ ತರುತ್ತೇನೆ. ನೀನು ಏನಂದರೂ ನಿಂತು ಕೇಳುತ್ತೇನೆ.

ಸಂಜೆ ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡೆವು. ತೊಳೆದಿಟ್ಟ ಡಬ್ಬಿ ಯಾರದೆಂದು ಮನೆಯವರು ಕೇಳಿದರು. ಹೇಳಿದೆ. "ಹಂಗಾರ ಆಕಿ ಕುಂದಾ ನಾನೂ ತಿಂದೇನಲ್ಲ," ಎಂದು ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದರು. ರಾತ್ರಿ ನನಗಿಂತ ಮೊದಲು ಮಲಗಿದವರೂ ಅವರೇ.